ಬೆರಳ ತುದಿಯ ಬೆಳ್ಳಿ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ಮಾತು ವಿಧಾನಸೌಧದ ಮೊಗಸಾಲೆಯಲ್ಲಿ ದಶಕಗಟ್ಟಲೆ ಓಡಾಡಿತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್. ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಬಂದವರು, ಹೋದವರು ಯಾರೆಂದು ಜನ ಬೆರಳು ಮಡಿಚಿ ಎಣಿಸುತ್ತಿದ್ದರು. 2013ರಲ್ಲಿ ಗದ್ದುಗೆ ಏರಿದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು ಹೋಗಿಯೂ ಐದು ವರ್ಷ ಪೂರೈಸಿದ ಮೇಲೆ ಆ ಮಾತಿನ ಹಲ್ಲು ಉದುರಿತು. ಈ ಜಿಲ್ಲೆಯ ನೆಲಕ್ಕೆ ಕುರ್ಚಿ ಕಿತ್ತುಕೊಳ್ಳುವ ಶಕ್ತಿ ಇಲ್ಲವೆಂದಲ್ಲ. ಇದೆ. ಅದು ಎಲ್ಲಿದೆ ಎಂಬುದು 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಎಣಿಕೆ ಮುಗಿದಾಗ ಗೊತ್ತಾಯಿತು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜನತಾದಳದ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751. ಅಂತರ ಒಂದೇ ಒಂದು.

ಆ ಒಂದು ಮತ ಯಾರದು ಎಂಬುದರ ಮೇಲೆ ಆಚೀಚಿನ ಊರುಗಳ ಟೀ ಅಂಗಡಿಗಳಲ್ಲಿ ಹುಟ್ಟಿದ ಕತೆಗಳಿಗೆ ಲೆಕ್ಕವಿಲ್ಲ. ಮುಂದೆ ಧ್ರುವನಾರಾಯಣ ಎರಡು ಸಲ ಲೋಕಸಭೆಗೆ ಹೋದರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಒಂದು ಮತದಿಂದ ಸೋತವರು ಅದೇ ವರ್ಷ ಕೊಳ್ಳೇಗಾಲದಿಂದ, ಅದೂ ಕಾಂಗ್ರೆಸ್ಸಿನಿಂದಲೇ, ಭಾರಿ ಅಂತರದಲ್ಲಿ ಗೆದ್ದರು. ಸಂತೇಮರಹಳ್ಳಿ ಎಂಬ ಕ್ಷೇತ್ರವೇ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ನನ್ನನ್ನು ಹಿಡಿದು ನಿಲ್ಲಿಸುವುದು ಇವು ಯಾವುವೂ ಅಲ್ಲ. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಮತಗಳ ನಡುವೆ ಒಂದರ ಅಂತರ ಬಂದಾಗ, ಸೋತವರೂ ಗೆದ್ದವರೂ ಕೊನೆಗೆ ಆ ಒಂದನ್ನು ನಂಬಬೇಕಾಯಿತಲ್ಲ, ಅದು. ಬೆಳಿಗ್ಗೆ ಒಂದು ಬೂತಿನಲ್ಲಿ, ಮಧ್ಯಾಹ್ನ ಇನ್ನೊಂದು ಬೂತಿನಲ್ಲಿ ಒಬ್ಬನೇ ಆಸಾಮಿ ಗುಂಡಿ ಒತ್ತಿ ಬರುವ ಹಾಗಿದ್ದರೆ 40,752 ಎಂಬ ಅಂಕಿಗೆ ಕಾಸಿನ ಕಿಮ್ಮತ್ತಿಲ್ಲ. ಅದಕ್ಕೆ ಕಿಮ್ಮತ್ತು ತಂದುಕೊಟ್ಟದ್ದು ಎಡಗೈ ತೋರುಬೆರಳಿನ ಮೇಲೆ ಇಟ್ಟ ಒಂದು ಗುರುತು.

ಆ ಗುರುತಿನ ಶಾಯಿ ತಯಾರಾಗುವುದು ಇಲ್ಲೇ ಹತ್ತಿರದಲ್ಲಿ. ಚಾಮರಾಜನಗರದಿಂದ ಹೊರಟ ರೈಲು ಮರಿಯಾಲ ಗಂಗವಾಡಿ ದಾಟಿ, ಬದನಗುಪ್ಪೆಯಲ್ಲಿ ನಿಂತು, ಕವಲಂದೆ, ನಂಜನಗೂಡು ಹಾದು ಮೈಸೂರು ಸೇರುತ್ತದೆ. ಮೈಸೂರಿನ ಬನ್ನಿಮಂಟಪದಲ್ಲಿರುವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಡೀ ಭಾರತದ ಬೆರಳಿಗೆ ಬೇಕಾದ ಶಾಯಿ ಸೀಸೆಗಿಳಿಯುತ್ತದೆ. ದಸರಾ ಮೆರವಣಿಗೆ ಮುಗಿಯುವ ಬನ್ನಿಮಂಟಪ ಎಲ್ಲರಿಗೂ ಗೊತ್ತು. ಗಣರಾಜ್ಯದ ಮೆರವಣಿಗೆ ಶುರುವಾಗುವುದೂ ಅಲ್ಲಿಂದಲೇ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಾರ್ಖಾನೆ ಹುಟ್ಟಿದ್ದು ಚುನಾವಣೆಗಾಗಿ ಅಲ್ಲ, ಅರಗಿಗಾಗಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಗು ಮತ್ತು ಬಣ್ಣದ ಕಾರ್ಖಾನೆ ಎಂದು ಅದು ಶುರುವಾಯಿತು. ಮೈಸೂರು ಸೀಮೆಯ ಕಾಡುಗಳ ಜಾಲಾರಿ ಮರಗಳಲ್ಲಿ ಸಿಗುತ್ತಿದ್ದ ಅರಗನ್ನು ಬಣ್ಣ, ವಾರ್ನಿಷ್, ಲಕೋಟೆಗೆ ಒತ್ತುವ ಮುದ್ರೆಯರಗು ಮಾಡಿ ಮಾರುವುದು ಉದ್ದೇಶ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಉದ್ದಿಮೆಯಾಯಿತು, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಹೆಸರು ಬದಲಾಯಿತು. ಕೌರವರು ಅರಗಿನ ಮನೆ ಕಟ್ಟಿದ್ದು ಎದುರಾಳಿಗಳನ್ನು ಸುಡುವುದಕ್ಕೆ. ಮೈಸೂರಿನ ಅರಗಿಗೆ ಮುಂದೆ ಒದಗಿದ್ದು ಮತಪೆಟ್ಟಿಗೆಗಳನ್ನು ಭದ್ರ ಮಾಡುವ ಕೆಲಸ.

ಶಾಯಿಯ ಕತೆ ಮಾತ್ರ ಮೈಸೂರಿನಲ್ಲಿ ಶುರುವಾಗುವುದಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಯೋಹಾನ್ ಹೈನ್ರಿಷ್ ಶುಲ್ಟ್ಸೆ ಎಂಬ ಜರ್ಮನ್ ವೈದ್ಯ ಕತ್ತಲಲ್ಲಿ ಹೊಳೆಯುವ ವಸ್ತುವೊಂದನ್ನು ತಯಾರಿಸಲು ಹೊರಟಿದ್ದ. ಸೀಮೆಸುಣ್ಣಕ್ಕೆ ನೈಟ್ರಿಕ್ ಆಮ್ಲ ಬೆರೆಸಿದ. ಆಮ್ಲದಲ್ಲಿ ಒಂದಿಷ್ಟು ಬೆಳ್ಳಿ ಮೊದಲೇ ಕರಗಿತ್ತು. ಸೀಸೆ ಕಿಟಕಿಯ ಬಳಿ ಇತ್ತು. ನೋಡಿದರೆ ಬಿಸಿಲು ಬಿದ್ದ ಮಗ್ಗುಲು ಕಪ್ಪು, ನೆರಳಿನ ಮಗ್ಗುಲು ಬಿಳಿ. ಕಾವಿನಿಂದ ಹೀಗಾಯಿತೇ ಎಂದು ಒಲೆಯ ಬಳಿ ಇಟ್ಟು ನೋಡಿದ, ಬಣ್ಣ ಬದಲಾಗಲಿಲ್ಲ. ಕಾಗದದಲ್ಲಿ ಅಕ್ಷರ ಕತ್ತರಿಸಿ ಸೀಸೆಗೆ ಸುತ್ತಿ ಬಿಸಿಲಿಗಿಟ್ಟ. ಬೆಳಕು ನುಸುಳಿದ ಕಡೆ ಅಕ್ಷರಗಳು ಕಪ್ಪಾಗಿ ಮೂಡಿದವು. ಬೆಳಕು ಸೂಸುವುದನ್ನು ಹುಡುಕಿದವನಿಗೆ ಬೆಳಕಿಗೇ ಕಪ್ಪಾಗುವ ವಸ್ತು ಸಿಕ್ಕಿತ್ತು. ತಾನು ಕಂಡದ್ದಕ್ಕೆ ಅವನು ಕತ್ತಲೆ ತರುವುದು ಎಂಬರ್ಥದ ಹೆಸರನ್ನೇ ಕೊಟ್ಟ. ಮುಂದೆ ಫೋಟೋಗ್ರಫಿ ಹುಟ್ಟಿದ್ದು ಬೆಳ್ಳಿಯ ಈ ಗುಣದಿಂದ. ಯೂರೋಪಿನವರು ಬಟ್ಟೆಗೆ ಗುರುತು ಹಾಕುವ ಶಾಯಿಯನ್ನೂ ಸಿಲ್ವರ್ ನೈಟ್ರೇಟಿನಿಂದ ಮಾಡಿಕೊಂಡರು.

ಬಟ್ಟೆಗೆ ಗುರುತು ಹಾಕಲು ನಮ್ಮ ಮಡಿವಾಳರಿಗೆ ಬೆಳ್ಳಿ ಬೇಕಿರಲಿಲ್ಲ. ಕಾಡಿನ ಕರಿಗೇರಿನ ಕಾಯಿ ಸಾಕಿತ್ತು. ಅದರ ರಸದಲ್ಲಿ ಚುಕ್ಕಿ ಇಟ್ಟರೆ ಎಷ್ಟು ಸಲ ಬಂಡೆಗೆ ಬಡಿದರೂ ಹೋಗುತ್ತಿರಲಿಲ್ಲ. ಹಾಗಾದರೆ ಮತದಾರರ ಬೆರಳಿಗೂ ಅದನ್ನೇ ಹಚ್ಚಬಾರದಿತ್ತೇ? ಕರಿಗೇರಿನ ರಸ ಬಟ್ಟೆಗೆ ಸರಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಬೇಕಾಗಿದ್ದುದು ಹಚ್ಚಿದ ಕೂಡಲೇ ಒಣಗುವ, ಕಣ್ಣಿಗೆ ಕಾಣುವ, ಸೋಪು, ಸೀಮೆಎಣ್ಣೆ, ನಿಂಬೆಹುಳಿ ಯಾವುದಕ್ಕೂ ಬಗ್ಗದ, ಆದರೆ ಬೆರಳನ್ನು ಸುಡದ ಶಾಯಿ. ತಾನಾಗಿ ಒಂದು ದಿನ ಮಾಯವೂ ಆಗಬೇಕು, ಇಲ್ಲದಿದ್ದರೆ ಮುಂದಿನ ಚುನಾವಣೆಗೆ ಬೆರಳೇ ಉಳಿಯುವುದಿಲ್ಲ.

ಇಂಥ ಬೇಡಿಕೆ ಬಂದದ್ದಕ್ಕೆ ಕಾರಣ 1951-52ರ ಮೊದಲ ಮಹಾಚುನಾವಣೆ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಮುಂದಿದ್ದವರು 17 ಕೋಟಿಗೂ ಮೀರಿದ ಮತದಾರರು. ಅವರಲ್ಲಿ ನೂರಕ್ಕೆ ಎಂಬತ್ತೈದರಷ್ಟು ಜನಕ್ಕೆ ಓದು ಬರಹ ಬಾರದು. ಸಹಿ ಹೋಲಿಸಿ ನೋಡೋಣವೆಂದರೆ ಸಹಿಯೇ ಇಲ್ಲ. ಗುರುತಿನ ಚೀಟಿ ಕೇಳೋಣವೆಂದರೆ ಅಂಥದೊಂದು ದೇಶದಲ್ಲೇ ಇಲ್ಲ. ಜನನ ಪತ್ರ ಎಂಬ ಕಾಗದವನ್ನು ಕಣ್ಣಿಂದ ಕಂಡವರೇ ಕಡಿಮೆ. ಬೇರೆ ದೇಶವಾಗಿದ್ದರೆ ಇಂಥವರಿಗೆ ಮತ ಕೊಡುವುದು ಬೇಡ ಎಂದು ತೀರ್ಮಾನಿಸುತ್ತಿದ್ದರೇನೋ, ಹಾಗೆ ತೀರ್ಮಾನಿಸಿದ ದೇಶಗಳೂ ಇದ್ದವು. ನಮ್ಮ ಸಂವಿಧಾನ ಮೊದಲು ಮತ ಕೊಟ್ಟಿತು, ಮೋಸ ತಡೆಯುವ ದಾರಿಯನ್ನು ಆಮೇಲೆ ಹುಡುಕಲು ಹೇಳಿತು. 1951ರ ಜನಪ್ರತಿನಿಧಿ ಕಾಯ್ದೆಯ 61ನೇ ಕಲಮು ಮತದಾರರ ಹೆಬ್ಬೆರಳಿಗೋ ಇನ್ನಾವುದಾದರೂ ಬೆರಳಿಗೋ ಅಳಿಸಲಾಗದ ಶಾಯಿಯ ಗುರುತು ಹಾಕಲು ಅವಕಾಶ ಮಾಡಿತು.

ಶಾಯಿಯನ್ನು ಕಂಡುಹಿಡಿದವರು ಯಾರು? ಒಂದೇ ಹೆಸರು ಹೇಳಿ ಎಂದರೆ ಕತೆ ಕೆಡುತ್ತದೆ. ಪ್ರಚಲಿತವಾಗಿರುವ ವೃತ್ತಾಂತದ ಮೊದಲ ಹೆಸರು ಸಲೀಮುಜ್ಜಮಾನ್ ಸಿದ್ದಿಕಿ. ಸರ್ಪಗಂಧದ ಬೇರಿನಿಂದ ಅಜ್ಮಲಿನ್ ಎಂಬ ಸಾರವನ್ನು, ಬೇವಿನಿಂದ ನಿಂಬಿನ್ ಎಂಬುದನ್ನು ಬೇರ್ಪಡಿಸಿದ ರಸಾಯನಶಾಸ್ತ್ರಜ್ಞ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯಲ್ಲಿದ್ದ ಅವರಿಗೆ ಮಂಡಳಿಯ ಮುಖ್ಯಸ್ಥ ಶಾಂತಿಸ್ವರೂಪ್ ಭಟ್ನಾಗರ್ ಈ ಕೆಲಸ ಒಪ್ಪಿಸಿದರು, ಗುರುತು ಬೇಗ ಮೂಡುತ್ತಿರಲಿಲ್ಲವೆಂದು ಸಿದ್ದಿಕಿ ಬೆಳ್ಳಿಯ ಲವಣಕ್ಕೆ ಬ್ರೋಮೈಡ್ ಸೇರಿಸಿ ನೋಡಿದರು ಎಂದು ಹೇಳಲಾಗುತ್ತದೆ. 1951ರಲ್ಲಿ ಸಿದ್ದಿಕಿ ಪಾಕಿಸ್ತಾನಕ್ಕೆ ಹೋದರು, ಅಲ್ಲಿನ ಸಂಶೋಧನಾ ಮಂಡಳಿ ಕಟ್ಟಿದರು. ಭಾರತದ ಪ್ರಜಾಪ್ರಭುತ್ವದ ಅತಿ ಪರಿಚಿತ ಗುರುತಿನಲ್ಲಿ ಪಾಕಿಸ್ತಾನಕ್ಕೆ ಹೋದ ವಿಜ್ಞಾನಿಯ ಕೈಯೂ ಇದೆ ಎಂಬುದನ್ನು ಇಂದಿನ ಟಿವಿ ಚರ್ಚೆಗಳಲ್ಲಿ ಯಾರಾದರೂ ಎತ್ತಿದರೆ ಏನಾದೀತೋ, ನಾನಂತೂ ಊಹಿಸಬಲ್ಲೆ.

ಕೆಲಸ ಮುಂದುವರಿದದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಅಲ್ಲಿನ ರಸಾಯನ ವಿಭಾಗದಲ್ಲಿ ಎಂ. ಎಲ್. ಗೋಯೆಲ್ ಮತ್ತು ಜೊತೆಗಾರರು ಪಾಕವನ್ನು ಹದಕ್ಕೆ ತಂದರು. ಮೊದಲ ಚುನಾವಣೆಯಲ್ಲೇ ಇಂಥ ಶಾಯಿಯ 3,89,816 ಸೀಸೆಗಳು ಖರ್ಚಾದವು ಎಂಬ ಲೆಕ್ಕವಿದೆ. 1962ರಲ್ಲಿ ಚುನಾವಣಾ ಆಯೋಗ, ಕಾನೂನು ಸಚಿವಾಲಯ, ಭೌತ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮ ಸೇರಿ ಮೈಸೂರಿನ ಕಾರ್ಖಾನೆಯ ಜೊತೆ ಒಪ್ಪಂದ ಮಾಡಿಕೊಂಡವು. ಮೂರನೇ ಮಹಾಚುನಾವಣೆಯಿಂದ ಇಂದಿನವರೆಗೆ ದೇಶದ ಶಾಯಿ ಮೈಸೂರಿನದೇ. ಪಾಕದ ಪೂರ್ತಿ ವಿವರ ಇಂದಿಗೂ ಗುಟ್ಟು.

ಗುಟ್ಟಿಲ್ಲದ ಭಾಗ ಇಷ್ಟು. ಶಾಯಿಯ ಜೀವ ಸಿಲ್ವರ್ ನೈಟ್ರೇಟ್. ನೂರರಲ್ಲಿ ಹತ್ತರಿಂದ ಹದಿನೆಂಟು ಪಾಲು ಇರುತ್ತದೆ ಎಂಬುದು ಸಾಮಾನ್ಯವಾಗಿ ಕೇಳುವ ಅಂದಾಜು. ಕಣ್ಣಿಗೆ ತಕ್ಷಣ ಕಾಣಲೆಂದು ನೇರಳೆ ಬಣ್ಣ, ಬೇಗ ಆರಲೆಂದು ಆಲ್ಕೋಹಾಲ್. ಬೆರಳಿಗೆ ಹಚ್ಚಿದಾಗ ಬೆಳ್ಳಿ ಚರ್ಮದ ಮೇಲಿನ ಬೆವರುಪ್ಪಿನ ಜೊತೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಅದು ನೀರಿಗೆ ಕರಗದು. ಬೆಳಕು ಬಿದ್ದಷ್ಟೂ ಅದು ಒಡೆದು ಬೆಳ್ಳಿಯ ನುಣ್ಣನೆ ಕಣಗಳಾಗಿ ಕಪ್ಪಾಗುತ್ತ ಹೋಗುತ್ತದೆ. ಮತ ಹಾಕಿ ಹೊರಗೆ ಬಂದಾಗ ನೇರಳೆಯಾಗಿದ್ದ ಗುರುತು ಸಂಜೆಯ ಹೊತ್ತಿಗೆ ಕಪ್ಪಾಗಿರುವುದು ಇದರಿಂದಲೇ. ತೊಳೆದರೆ ನೇರಳೆ ಬಣ್ಣ ಹೋದೀತು, ಕಪ್ಪು ಹೋಗದು. ಅದು ಮೇಲೆ ಕೂತ ಬಣ್ಣವಲ್ಲ, ಚರ್ಮದ ಮೇಲ್ಪದರದ ಒಳಗೇ ಸೇರಿಕೊಂಡ ಲೋಹ. ಆ ಪದರ ಉದುರಿ ಹೊಸ ಚರ್ಮ ಬರಬೇಕು, ಉಗುರು ಬೆಳೆದು ಮುಂದೆ ಸರಿಯಬೇಕು. ಚರ್ಮದಲ್ಲಿ ಕೆಲವು ದಿನ, ಉಗುರಿನಲ್ಲಿ ವಾರಗಟ್ಟಲೆ. ಚುನಾವಣೆಗೆ ಬೇಕಾದ್ದು ಅಷ್ಟೇ ಅವಧಿ.

ಗುರುತು ಹಾಕುವ ವಿಧಾನವನ್ನೂ ಅನುಭವವೇ ತಿದ್ದಿತು. ಮೊದಲು ಉಗುರು ಮತ್ತು ಚರ್ಮ ಕೂಡುವ ಜಾಗದಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. 2006ರ ಫೆಬ್ರವರಿಯಿಂದ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಉದ್ದ ಗೀರು ಎಳೆಯಬೇಕೆಂದಾಯಿತು. ಎಡಗೈ ತೋರುಬೆರಳಿಲ್ಲದಿದ್ದರೆ ಎಡಗೈಯ ಬೇರೆ ಬೆರಳು, ಅದೂ ಇಲ್ಲದಿದ್ದರೆ ಬಲಗೈ, ಬೆರಳುಗಳೇ ಇಲ್ಲದಿದ್ದರೆ ಇರುವಷ್ಟು ತೋಳಿನ ತುದಿ ಎಂದು ನಿಯಮ ಹೇಳುತ್ತದೆ. ಸರ್ಕಾರಿ ನಿಯಮಾವಳಿಗಳಲ್ಲಿ ನಾನು ಓದಿದ ಅತ್ಯಂತ ಮನುಷ್ಯತ್ವದ ಸಾಲುಗಳಲ್ಲಿ ಇದೊಂದು. ಬೆರಳು ಕಳೆದುಕೊಂಡ ಕುಷ್ಠರೋಗಿಯನ್ನೂ ಗಿರಣಿಯಲ್ಲಿ ಕೈ ಸಿಕ್ಕಿಸಿಕೊಂಡ ಕೂಲಿಯನ್ನೂ ಅದು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿದೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಬೆರಳೂ ಬಳಕೆಗೆ ಬಂತು. 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ರಸ್ತೆ, ನೀರು ಇಲ್ಲವೆಂದು ಜನ ಮತದಾನ ಬಹಿಷ್ಕರಿಸಿದರು. ಗಲಾಟೆಯಾಗಿ ಮತಯಂತ್ರ ಒಡೆಯಿತು. 29ರಂದು ಮರುಮತದಾನ ನಡೆಯಿತು. ಮೊದಲ ಸಲ ಹಾಕಿದವರ ತೋರುಬೆರಳಿನಲ್ಲಿ ಶಾಯಿ ಇನ್ನೂ ಇರುತ್ತದೆ, ಅವರನ್ನು ತಡೆಯುವಂತಿಲ್ಲ. ಅದಕ್ಕೇ ಮರುಮತದಾನದಲ್ಲಿ ಗುರುತು ಎಡಗೈಯ ನಡುಬೆರಳಿಗೆ ಎಂಬುದು ಆಯೋಗದ ವಿಧಿ.

ಮೈಸೂರಿನ ಕಾರ್ಖಾನೆ ಒಪ್ಪಂದ ಮಾಡಿಕೊಂಡ ವರ್ಷವೇ, 1962ರ ಆಗಸ್ಟ್ 31ರಂದು, ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಫ್ಯಾನಿ ಲೂ ಹೇಮರ್ ಎಂಬ ಕಪ್ಪು ಹೆಣ್ಣುಮಗಳು ಇಂಡಿಯಾನೋಲಾ ಪಟ್ಟಣದ ನ್ಯಾಯಾಲಯಕ್ಕೆ ಹೋದಳು. ಹತ್ತಿ ತೋಟದ ಕೂಲಿಯವಳು. ಜೊತೆಗೆ ಹದಿನೇಳು ಮಂದಿ. ಬಂದದ್ದು ಮತ ಹಾಕಲು ಕೂಡ ಅಲ್ಲ, ಹೆಸರು ನೋಂದಾಯಿಸಲು. ಗುಮಾಸ್ತ ಅವಳ ಮುಂದೆ ಪರೀಕ್ಷೆಯ ಕಾಗದ ಇಟ್ಟ. ಮಿಸಿಸಿಪಿ ಸಂವಿಧಾನದ ಒಂದು ಕಲಮನ್ನು ಓದಿ ಅರ್ಥ ವಿವರಿಸಬೇಕು. ಕಾನೂನು ಓದಿದವರೇ ತಡಕಾಡುವ ಕಲಮು ಅದು. ಅವಳು ಪಾಸಾಗಲಿಲ್ಲ. ಅದೇ ದಿನ ತೋಟದ ಯಜಮಾನ ಅವಳನ್ನು ಮನೆಯಿಂದ ಹೊರಗೆ ಹಾಕಿದ. ಹದಿನೆಂಟು ವರ್ಷ ದುಡಿದ ತೋಟ ಅದು. ಮರುವರ್ಷದ ಜನವರಿಯಲ್ಲಿ ಹೋಗಿ ಅವಳು ಪರೀಕ್ಷೆ ಪಾಸು ಮಾಡಿದಳು. 1964ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನದ ಸಮಿತಿಯ ಮುಂದೆ ತನ್ನ ಮೇಲೆ ಬಿದ್ದ ಏಟುಗಳ ಸಾಕ್ಷ್ಯ ಹೇಳಿದಳು. ಆ ಹೊತ್ತಿಗೆ ಮಿಸಿಸಿಪಿಯಲ್ಲಿ ಮತದ ವಯಸ್ಸಿನ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. ಮುಂದಿನ ವರ್ಷ, 1965ರ ಆಗಸ್ಟ್ 6ರಂದು, ಮತಾಧಿಕಾರ ಕಾಯ್ದೆ ಬಂತು.

ಅಮೆರಿಕ ಕೆಟ್ಟದ್ದು, ನಾವು ಒಳ್ಳೆಯವರು ಎಂದು ತೀರ್ಪು ಕೊಡಲು ಇದನ್ನು ಹೇಳುತ್ತಿಲ್ಲ. ಎರಡೂ ಕಡೆ ತಾವು ಕಳ್ಳ ಮತ ತಡೆಯುತ್ತಿದ್ದೇವೆ ಎಂದೇ ಹೇಳಿಕೊಂಡವರು. ಬೇರೆಯಾದದ್ದು ಒಂದು ವಿಷಯದಲ್ಲಿ. ಅಲ್ಲಿ ಮತಕ್ಕೆ ಮೊದಲೇ ಮನುಷ್ಯನನ್ನು ಪರೀಕ್ಷಿಸಿದರು, ನೀನು ಯೋಗ್ಯ ಎಂದು ಮೊದಲು ಸಾಬೀತು ಮಾಡು ಎಂದರು. ಇಲ್ಲಿ ಬಂದವರನ್ನು ನಂಬಿ, ಮತ ಕೊಟ್ಟು, ಎಲ್ಲರ ಬೆರಳಿಗೂ ಒಂದೇ ಗುರುತು ಹಾಕಿ ಕಳಿಸಿದರು. ಜಮೀನ್ದಾರನಿಗೂ ಅವನ ಗದ್ದೆಯ ಆಳಿಗೂ ಅದೇ ಕಡ್ಡಿ, ಅದೇ ಸೀಸೆ. ನನ್ನ ಮಟ್ಟಿಗೆ ಕಂಡುಹಿಡಿದದ್ದು ಎಂದರೆ ಇದು. ಬೆಳಕಿಗೆ ಬೆಳ್ಳಿ ಕಪ್ಪಾಗುವುದು ಇನ್ನೂರು ವರ್ಷಕ್ಕೂ ಹಿಂದೆ ಗೊತ್ತಿದ್ದ ಸಂಗತಿ. ಕಾಗದ ಇಲ್ಲದವರ ದೇಶದಲ್ಲಿ ಕಾಗದ ಕೇಳದೆಯೇ ಒಬ್ಬರಿಗೆ ಒಂದೇ ಮತ ಎಂಬುದನ್ನು ನಡೆಸಿ ತೋರಿಸಬಹುದು ಎಂಬುದು ಗೊತ್ತಿರಲಿಲ್ಲ.

ಹಣದ ಲೆಕ್ಕದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಮಿಸಿಸಿಪಿಯ 1890ರ ಸಂವಿಧಾನ ಮತ ಹಾಕಬೇಕಾದವನ ಮೇಲೆ ಎರಡು ಡಾಲರ್ ತೆರಿಗೆ ಹೇರಿತ್ತು. ನಮ್ಮ ಚುನಾವಣಾ ನಿಯಮಗಳಲ್ಲೂ ಎರಡು ರೂಪಾಯಿಯ ಮಾತು ಬರುತ್ತದೆ. ಅದನ್ನು ಕಟ್ಟಬೇಕಾದವನು ಮತದಾರನಲ್ಲ. ಇವನು ನಿಜವಾದ ಮತದಾರನಲ್ಲ ಎಂದು ಆಕ್ಷೇಪ ಎತ್ತುವ ಪಕ್ಷದ ಏಜೆಂಟನು ಮೊದಲು ಎರಡು ರೂಪಾಯಿ ಠೇವಣಿ ಇಡಬೇಕು. ಆಕ್ಷೇಪ ದುರುದ್ದೇಶದ್ದಾದರೆ ಠೇವಣಿ ಮುಟ್ಟುಗೋಲು. ಅನುಮಾನಪಡುವವನೇ ದುಡ್ಡು ಕಟ್ಟಲಿ ಎಂಬ ಈ ಸಣ್ಣ ನಿಯಮದಲ್ಲಿ ದೊಡ್ಡ ರಾಜಕೀಯವಿದೆ.

2005ರಲ್ಲಿ ಅಮೆರಿಕದ ಸಂಸತ್ತಿನಲ್ಲೊಂದು ತಮಾಷೆ ನಡೆಯಿತು. ಜನವರಿಯಲ್ಲಿ ಇರಾಕಿನಲ್ಲಿ ಚುನಾವಣೆಯಾಗಿ, ನೇರಳೆ ಬೆರಳೆತ್ತಿದ ಇರಾಕಿಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳನ್ನೆಲ್ಲ ತುಂಬಿದ್ದವು. ಫೆಬ್ರವರಿ 2ರಂದು ಅಧ್ಯಕ್ಷ ಬುಷ್ ಭಾಷಣ ಮಾಡುವಾಗ ಹಲವು ಸಂಸದರು ತಮ್ಮ ಬೆರಳನ್ನೂ ಶಾಯಿಯಲ್ಲಿ ಅದ್ದಿಕೊಂಡು ಎತ್ತಿ ಹಿಡಿದರು. ಆ ಯೋಚನೆ ಲೂಯಿಸಿಯಾನಾದ ಬಾಬಿ ಜಿಂದಾಲ್ ಅವರದು. ಪಂಜಾಬಿನಿಂದ ಹೋದ ದಂಪತಿಯ ಮಗ. ಅದೇ ವರ್ಷ ಇಂಡಿಯಾನಾ ರಾಜ್ಯ ಸರ್ಕಾರಿ ಫೋಟೋ ಇರುವ ಗುರುತಿನ ಚೀಟಿ ಇಲ್ಲದೆ ಮತ ಹಾಕುವಂತಿಲ್ಲ ಎಂದು ಕಾನೂನು ಮಾಡಿತು. ಚೀಟಿ ಇಲ್ಲದವರು ಹೆಚ್ಚಾಗಿ ಬಡವರು, ಮುದುಕರು, ಕಾರಿಲ್ಲದವರು ಎಂಬುದು ಪ್ರಗತಿಪರರ ತಕರಾರು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಸ್ಟೀವನ್ಸ್, ಇಂಡಿಯಾನಾದ ಇತಿಹಾಸದಲ್ಲಿ ಮತಗಟ್ಟೆಗೆ ಬಂದು ಬೇರೆಯವರ ಹೆಸರಲ್ಲಿ ಮತ ಹಾಕಿದ ಒಂದು ಪ್ರಕರಣವೂ ದಾಖಲೆಯಲ್ಲಿ ಇಲ್ಲವೆಂದು ತಾವೇ ನಮೂದಿಸಿದ್ದರು. ಇರಾಕಿನ ಬೆರಳಿಗೆ ಸಲಾಮು, ಇಂಡಿಯಾನಾದ ಮುದುಕಿಗೆ ಚೀಟಿ ತಾ ಎಂಬ ಆದೇಶ.

ಶಾಯಿ ಎಲ್ಲ ಕಡೆಯೂ ಗೆದ್ದಿತು ಎಂದರೆ ಸುಳ್ಳಾಗುತ್ತದೆ. 2004ರ ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಅಧ್ಯಕ್ಷ ಚುನಾವಣೆಯ ದಿನವೇ ಹಲವು ಮತಗಟ್ಟೆಗಳಲ್ಲಿ ಗುರುತು ಅಳಿಸಿಹೋಗಿ ಅಭ್ಯರ್ಥಿಗಳು ಬಹಿಷ್ಕಾರ ಕೂಗಿದರು. ಮಲೇಷ್ಯಾ 2008ರಲ್ಲಿ ಮತದಾನಕ್ಕೆ ನಾಲ್ಕು ದಿನ ಇರುವಾಗ ಶಾಯಿಯೇ ಬೇಡ ಎಂದಿತು. 2013ರಲ್ಲಿ ಬಳಸಿದಾಗ ತೊಳೆದರೆ ಹೋಗುತ್ತದೆ ಎಂಬ ದೂರುಗಳ ರಾಶಿ. ಬೆಳ್ಳಿ ತುಟ್ಟಿ. ಬೆಳ್ಳಿಯಲ್ಲಿ ಕೈ ಹಿಡಿತ ಮಾಡಿ ಬಣ್ಣವನ್ನು ಮಾತ್ರ ಹಚ್ಚಿದರೆ ಸಂಜೆಗೆ ಬೆರಳು ಶುಭ್ರ. ಮೈಸೂರಿನ ಕಾರ್ಖಾನೆಯ ಹೆಸರು ಉಳಿದಿರುವುದು ಈ ವಿಷಯದಲ್ಲಿ ಅದು ಜಿಪುಣತನ ಮಾಡದ್ದರಿಂದ. 1976ರಿಂದ ಅದು ಹೊರದೇಶಗಳಿಗೂ ಶಾಯಿ ಕಳಿಸುತ್ತಿದೆ. ನೇಪಾಳ, ಕಾಂಬೋಡಿಯಾ, ದಕ್ಷಿಣ ಆಫ್ರಿಕಾ, ಮಾಲ್ಡೀವ್ಸ್, ಘಾನಾ ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳ ಬೆರಳುಗಳಲ್ಲಿ ಬನ್ನಿಮಂಟಪದ ಬೆಳ್ಳಿ ಕೂತು ಎದ್ದಿದೆ. 2024ರ ಲೋಕಸಭಾ ಚುನಾವಣೆಗೆ ಆಯೋಗ ತರಿಸಿಕೊಂಡದ್ದು ಸುಮಾರು 26.55 ಲಕ್ಷ ಸೀಸೆ. ಹತ್ತು ಮಿಲಿಲೀಟರಿನ ಒಂದು ಸೀಸೆ ಏಳುನೂರರಷ್ಟು ಜನಕ್ಕೆ ಸಾಕು. ಬೆಲೆ ಒಟ್ಟು 55 ಕೋಟಿ ರೂಪಾಯಿಯಷ್ಟು. ಪಟ್ಟಿಯಲ್ಲಿದ್ದ ಸುಮಾರು 97 ಕೋಟಿ ಮತದಾರರಿಗೆ ಹಂಚಿದರೆ ತಲೆಗೆ ಅರವತ್ತು ಪೈಸೆಯೂ ಬೀಳದು.

ಮತದ ಶಾಯಿಯನ್ನು ಮತಕ್ಕಲ್ಲದೆ ಬೇರೆಯದಕ್ಕೆ ಬಳಸಿದ್ದೂ ಉಂಟು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, ಬ್ಯಾಂಕಿನ ಸಾಲಿನಲ್ಲಿ ನಿಂತವರು ಮತ್ತೆ ಮತ್ತೆ ಬರುತ್ತಿದ್ದಾರೆಂದು ಕೇಂದ್ರ ಸರ್ಕಾರ ಅವರ ಬೆರಳಿಗೂ ಶಾಯಿ ಹಚ್ಚಿಸಿತು. ಉಪಚುನಾವಣೆಗಳು ಎದುರಿಗಿದ್ದವು, ಗೊಂದಲವಾದೀತು ಎಂದು ಆಯೋಗ ಹಣಕಾಸು ಸಚಿವಾಲಯಕ್ಕೆ ಪತ್ರ ಬರೆಯಬೇಕಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಮನೆಯಲ್ಲೇ ಇರಬೇಕಾದವರ ಕೈಗೆ ಮುದ್ರೆ ಒತ್ತಿದವು. ಇವೆರಡೂ ನನಗೆ ಸರಿಬರಲಿಲ್ಲ. ಮತದ ಗುರುತು ಎಲ್ಲರಿಗೂ ಒಂದೇ, ಆದ್ದರಿಂದಲೇ ಅದರಲ್ಲಿ ಅವಮಾನವಿಲ್ಲ. ಅದನ್ನು ಸಾಲಿನಲ್ಲಿ ನಿಂತ ಬಡವರಿಗೆ, ರೋಗದ ಶಂಕೆ ಇದ್ದವರಿಗೆ ಮಾತ್ರ ಹಚ್ಚಿದಾಗ ಅದು ಶಂಕಿತರ ಪಟ್ಟಿಯಾಗುತ್ತದೆ. ಅದೇ ರಸಾಯನ, ಉಲ್ಟಾ ರಾಜಕೀಯ.

ಇನ್ನು ಶಾಯಿಯ ಕೈಗೆ ಎಟುಕದ ಒಂದು ಜಾಗವಿದೆ, ಮತದಾರರ ಪಟ್ಟಿ. ಮೊದಲ ಚುನಾವಣೆಯಲ್ಲೇ ಅದು ಗೊತ್ತಾಗಿತ್ತು. ಉತ್ತರ ಭಾರತದ ಹಲವು ಕಡೆ ಹೆಣ್ಣುಮಕ್ಕಳು ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು. ಸುಕುಮಾರ್ ಸೇನ್ ಒಪ್ಪಲಿಲ್ಲ, 28 ಲಕ್ಷದಷ್ಟು ಹೆಸರುಗಳು ಪಟ್ಟಿಯಿಂದ ಹೋದವು. ಮುಂದಿನ ಚುನಾವಣೆಗೆ ಅವರು ಸ್ವಂತ ಹೆಸರಿನಲ್ಲಿ ಬರಲಿ ಎಂಬುದು ಸೇನ್ ಅವರ ಹಟ. ಹಟ ಒಳ್ಳೆಯದೇ, ಆದರೆ ಆ ಸಲ ಅವರ ಬೆರಳಿಗೆ ಶಾಯಿ ತಾಗಲಿಲ್ಲ.

2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಿ ಎಂದು 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸಾಚಾ ಎಂದು ಕಂಡದ್ದು 24. ಅದೃಷ್ಟಕ್ಕೆ ಅದು ಚುನಾವಣೆಗೆ ಮೊದಲೇ ಬೆಳಕಿಗೆ ಬಂದು ದೂರು ದಾಖಲಾಯಿತು, ಮುಂದೆ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಬಿಹಾರದಲ್ಲಿ 2025ರ ಜೂನ್‌ನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾದಾಗ ಆಯೋಗ ಮತದಾರರು ತೋರಿಸಬಹುದಾದ ಹನ್ನೊಂದು ಬಗೆಯ ದಾಖಲೆಗಳ ಪಟ್ಟಿ ಕೊಟ್ಟಿತು. ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಸತ್ತವರ, ಊರು ಬಿಟ್ಟವರ, ಎರಡು ಕಡೆ ಇದ್ದವರ ಹೆಸರುಗಳನ್ನು ತೆಗೆಯಲೇಬೇಕು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಹೊರೆ ಯಾರ ತಲೆಯ ಮೇಲೆ ಎಂಬುದರಲ್ಲಿ. ಎಪ್ಪತ್ತು ವರ್ಷ ನಾವು ಅನುಮಾನದ ಹೊರೆಯನ್ನು ಅನುಮಾನಿಸುವವನ ತಲೆಗೆ ಹೊರಿಸಿದ್ದೆವು, ಎರಡು ರೂಪಾಯಿ ಕಟ್ಟಿ ಮಾತಾಡು ಎಂದಿದ್ದೆವು. ಈಗ ಅದು ಮೆಲ್ಲಗೆ ಮತದಾರರ ತಲೆಗೆ ಸರಿಯುತ್ತಿದೆ. ಇಂಡಿಯಾನಾದ ಮುದುಕಿಗೆ ಕೇಳಿದ ಪ್ರಶ್ನೆ ನಮ್ಮ ಹಟ್ಟಿಗಳ ಬಾಗಿಲಿಗೂ ಬರುತ್ತಿದೆ. ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಕೂಲಿಗೆಂದು ವರ್ಷದಲ್ಲಿ ಆರು ತಿಂಗಳು ಊರು ಬಿಡುವ ಮನೆಗಳಲ್ಲಿ, ಹಳೆಯ ಕಾಗದ ಜೋಪಾನವಾಗಿಟ್ಟವರು ಎಷ್ಟು ಮಂದಿ?

ಬದನಗುಪ್ಪೆಯವರಾಗಲಿ, ಗುಂಡ್ಲುಪೇಟೆಯವರಾಗಲಿ, ಈ ಬರಹ ಓದುತ್ತಿರುವವರು ಒಂದು ಕೆಲಸ ಮಾಡಿ. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ನಿಮ್ಮ ಮತಗಟ್ಟೆಯ ಅಧಿಕಾರಿಯ ಬಳಿಯೋ 1950 ಸಹಾಯವಾಣಿಯಲ್ಲೋ ವಿಚಾರಿಸಿ. ಇಲ್ಲದಿದ್ದರೆ ನಮೂನೆ 6 ತುಂಬಿ, ತಪ್ಪಿದ್ದರೆ ನಮೂನೆ 8. ಜೊತೆಗೆ ಓದು ಬಾರದ ನೆರೆಮನೆಯ ಅಜ್ಜಿಯ ಹೆಸರನ್ನೂ, ಕೆಲಸಕ್ಕೆಂದು ತಿರುಪ್ಪೂರಿಗೋ ಬೆಂಗಳೂರಿಗೋ ಹೋದ ಹುಡುಗನ ಹೆಸರನ್ನೂ ನೋಡಿ. ಸಂತೇಮರಹಳ್ಳಿಯ ಫಲಿತಾಂಶ ತಿರುಗಿಸಲು ಬೇಕಿದ್ದುದು ಇಂಥ ಒಂದೆರಡು ಹೆಸರು ಮಾತ್ರ.